ಬಣ್ಣದ ಎಳೆ

ಸಂಜೆ ದೇವರ ಮುಂದೆ ಹಚ್ಚಿಟ್ಟ ಊದುಬತ್ತಿಯನ್ನು ಒಮ್ಮೆ ನಿಟ್ಟಿಸಿ ನೋಡಿರಿ. ಗಾಳಿಯಾಡದ ಕೋಣೆಯಲ್ಲಿ ಹೊಗೆಯು ಗೇಣುದ್ದ ನೂಲಿನಂತೆ ನೆಟ್ಟಗೆ ಏರುತ್ತದೆ. ಅನಂತರ, ಏನು ನೆನಪಾಯಿತೋ ಎಂಬಂತೆ, ಥಟ್ಟನೆ ಮುರಿದು ಸುರುಳಿಸುರುಳಿಯಾಗಿ ಚೆದರುತ್ತದೆ. ಹರಿಯುವ ವಸ್ತುವಿನ ಈ ಚಿತ್ತಚಾಂಚಲ್ಯಕ್ಕೂ ಒಂದು ಲೆಕ್ಕವುಂಟೆಂದು ತೋರಿಸಿದವನು ಮ್ಯಾಂಚೆಸ್ಟರಿನ ಓವೆನ್ಸ್ ಕಾಲೇಜಿನ ಒಬ್ಬ ಮೇಷ್ಟರು, ಆಸ್ಬರ್ನ್ ರೆನಾಲ್ಡ್ಸ್.

1842ರಲ್ಲಿ ಬೆಲ್‌ಫಾಸ್ಟಿನಲ್ಲಿ ಹುಟ್ಟಿದ ಈತ ಕೇಂಬ್ರಿಜ್ಜಿನಲ್ಲಿ ಗಣಿತವನ್ನೋದಿ, ಲಂಡನ್ನಿನಲ್ಲಿ ಒಬ್ಬ ಸಿವಿಲ್ ಇಂಜಿನಿಯರರ ಬಳಿ ಕೆಲಕಾಲ ದುಡಿದು, 1868ರಲ್ಲಿ, ತನ್ನ 25ನೆಯ ವಯಸ್ಸಿಗೇ, ಇಂಜಿನಿಯರಿಂಗ್ ಪ್ರಾಧ್ಯಾಪಕನಾದ. 1905ರವರೆಗೂ ಆ ಪೀಠವನ್ನು ಬಿಡಲಿಲ್ಲ.

1883ರಲ್ಲಿ ಪ್ರಕಟವಾದ ಅವನ ಪ್ರಯೋಗದಲ್ಲಿ ಹುಡುಗರಿಗೂ ಅರ್ಥವಾಗದಂಥದು ಏನೂ ಇಲ್ಲ. ಗಾಜಿನ ಗೋಡೆಯ ತೊಟ್ಟಿಯ ತುಂಬ ನಿಶ್ಚಲವಾದ ನೀರು. ಅದರೊಳಗೆ ಒಂದು ಗಾಜಿನ ಕೊಳವೆ. ಕೊಳವೆಯ ಬಾಯಿಗೆ ಸಣ್ಣಗೆ ಬಿಟ್ಟ ಬಣ್ಣದ ನೀರು. ಹರಿವು ನಿಧಾನವಾಗಿದ್ದಾಗ ಬಣ್ಣವು ಎಳೆದು ಕಟ್ಟಿದ ದಾರದಂತೆ ಕೊಳವೆಯ ಉದ್ದಕ್ಕೂ ಸಾಗುತ್ತಿತ್ತು. ವೇಗ ಒಂದು ಮಿತಿಯನ್ನು ದಾಟಿತೋ, ದಾರ ಹರಿದು ಬಣ್ಣವೆಲ್ಲ ಕಲಸಿಹೋಗುತ್ತಿತ್ತು. ವಿದ್ಯುತ್ ಕಿಡಿಯ ಕ್ಷಣಮಾತ್ರದ ಬೆಳಕಿನಲ್ಲಿ ನೋಡಿದರೆ, ಆ ಕಲಸುಮೇಲೋಗರವೇ ಸ್ಪಷ್ಟವಾದ ಸುಳಿಗಳಾಗಿ ಕಾಣುತ್ತಿತ್ತು! ವೇಗ, ಕೊಳವೆಯ ವ್ಯಾಸ, ದ್ರವದ ಸಾಂದ್ರತೆ ಈ ಮೂರನ್ನೂ ಗುಣಿಸಿ, ದ್ರವದ ಸ್ನಿಗ್ಧತೆಯಿಂದ, ಎಂದರೆ ಜಿಗುಟಿನಿಂದ, ಭಾಗಿಸಿದರೆ ಬರುವ ಸಂಖ್ಯೆಯೇ ಈ ಮಿತಿಯ ಗುಟ್ಟು. ಅದು ಸುಮಾರು 2000ಕ್ಕಿಂತ ಕೆಳಗಿದ್ದರೆ ಕದಡಿದ ನೀರೂ ತಾನಾಗಿ ಶಾಂತವಾಗುತ್ತದೆ. ಆದರೆ ತೊಟ್ಟಿಯ ನೀರನ್ನು ಕೊಂಚವೂ ಅಲುಗದಂತೆ ಕಾಪಾಡಿಕೊಂಡಾಗ ಬಣ್ಣದ ಎಳೆ 12,000ದ ಆಚೆಗೂ ಹರಿಯದೆ ಉಳಿದದ್ದುಂಟು. ಮ್ಯಾಂಚೆಸ್ಟರಿನಲ್ಲಿ ಉಳಿಸಿಕೊಂಡಿರುವ ಆ ಉಪಕರಣದಲ್ಲೇ ಕಳೆದ ಶತಮಾನದಲ್ಲಿ ಮತ್ತೆ ಪ್ರಯೋಗ ನಡೆಸಿದಾಗ ಅಷ್ಟು ದೂರ ಹೋಗಲಾಗಲಿಲ್ಲವಂತೆ. ಬೀದಿಯ ವಾಹನಗಳ ಅದುರು ನೀರಿಗೆ ತಟ್ಟುತ್ತಿತ್ತು.

ಕನ್ನಡದ ಮೇಷ್ಟರಿಗೆ ಕೊಳವೆಯ ನೀರಿನ ಗೊಡವೆ ಏಕೆ ಎಂದು ನೀವು ಕೇಳಬಹುದು. ನನ್ನನ್ನು ಹಿಡಿದು ನಿಲ್ಲಿಸಿದ್ದು ಆತನ ಪಾಠದ ರೀತಿ. ಮುಂದೆ ಎಲೆಕ್ಟ್ರಾನನ್ನು ಕಂಡುಹಿಡಿದು 1906ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಜೆ. ಜೆ. ಥಾಮ್ಸನ್, 14 ವರ್ಷದ ಬಾಲಕನಾಗಿ ಆ ಕಾಲೇಜನ್ನು ಸೇರಿದವರು. ಅವರೇ ಬರೆದಿಟ್ಟಿದ್ದಾರೆ: ರೆನಾಲ್ಡ್ಸರಿಗೆ ಕೆಲವೊಮ್ಮೆ ತರಗತಿಯಿರುವುದೇ ಮರೆತುಹೋಗುತ್ತಿತ್ತು. ಹುಡುಗರು ಜವಾನನನ್ನು ಕಳುಹಿಸಿದರೆ, ನಿಲುವಂಗಿಯನ್ನು ಎಳೆದುಕೊಳ್ಳುತ್ತ ಧಾವಿಸಿ ಬಂದು, ರ‍್ಯಾಂಕಿನ್ನನ ಗ್ರಂಥವನ್ನು ಎಲ್ಲೋ ಒಂದೆಡೆ ತೆರೆದು, ಅಲ್ಲಿನ ಸೂತ್ರ ತಪ್ಪೆಂದು ಸಾರುವರು. ಹುಡುಗರಿಗೆ ಬೆನ್ನು ಮಾಡಿ, ತಮ್ಮಷ್ಟಕ್ಕೆ ಮಾತಾಡಿಕೊಳ್ಳುತ್ತ, ಹಲಗೆಯ ಮೇಲೆ ಬರೆಯುವರು, ಇದು ಸರಿಯಲ್ಲವೆಂದು ಅಳಿಸುವರು, ಮತ್ತೆ ಬರೆಯುವರು. ಗಂಟೆ ಮುಗಿಯುವ ಹೊತ್ತಿಗೆ ಅಳಿಸದೆ ಉಳಿದ ಒಂದು ಲೆಕ್ಕವನ್ನು ತೋರಿಸಿ, ರ‍್ಯಾಂಕಿನ್ ಹೇಳಿದ್ದೇ ಸರಿ ಎನ್ನುವರು!

ಇದನ್ನೋದಿ ನಕ್ಕೆ, ನಗು ಅರ್ಧಕ್ಕೇ ನಿಂತಿತು. ಕಳೆದ ವಾರ ಹಳಗನ್ನಡದ ಪದ್ಯವೊಂದಕ್ಕೆ ತಪ್ಪು ಅನ್ವಯ ಹೇಳಿದ್ದೆ. ಮುಂದಿನ ಸಾಲಿಗೆ ಬರುವಷ್ಟರಲ್ಲಿ ತಪ್ಪು ನನಗೇ ಹೊಳೆಯಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಹುಬ್ಬೇರಿಸಿದಳು. ನಾನು ಗಂಟಲು ಸರಿಪಡಿಸಿಕೊಂಡು, ಕವಿಯ ಕಾಲವಿಚಾರವನ್ನು ಗಂಭೀರವಾಗಿ ಎತ್ತಿಕೊಂಡು, ಗಂಟೆ ಹೊಡೆಯುವವರೆಗೆ ಕಾಲ ತಳ್ಳಿದೆ. ನನ್ನ ಕೈಯಲ್ಲೂ ಹಲಗೆಯೊರಸುವ ಬಟ್ಟೆಯಿತ್ತು.

ಮಕ್ಕಳು ಆ ಅನ್ವಯವನ್ನೇ ಟಿಪ್ಪಣಿಯಲ್ಲಿ ಬರೆದುಕೊಂಡಿದ್ದಾರೆ. ಸೋಮವಾರ ಮೊದಲನೆಯ ಗಂಟೆ ನನ್ನದೇ.