ದುರ್ಗಮವೆಂಬ ಬೇಲಿ

ಮೊನ್ನೆ ಕತ್ರಿಗುಪ್ಪೆಯ ನಮ್ಮ ಮನೆಗೆ ಬಂದ ತಮ್ಮನ ಮಗ ನೇರ ಅಡುಗೆಮನೆಗೆ ಹೋಗಿ ನನ್ನ ಉಪ್ಪಿನಕಾಯಿ ಡಬ್ಬಿಯನ್ನು ತೊಳೆದು ಒರೆಸತೊಡಗಿದ. "ಅತ್ತೆ, ಇದನ್ನ ಕುಮಾರಪರ್ವತದಲ್ಲಿ ಬಚ್ಚಿಟ್ಟು ಬರ್ತೀನಿ. ಸುಲಭಕ್ಕೆ ಯಾರಿಗೂ ಸಿಗಬಾರದು" ಎಂದ.

ಆಟದ ಹೆಸರು ಜಿಯೋಕ್ಯಾಶಿಂಗ್. ಅಮೆರಿಕ ತನ್ನ ಉಪಗ್ರಹ ಸಂಕೇತಗಳನ್ನು ಜನಸಾಮಾನ್ಯರಿಗೆ ಬೇಕೆಂದೇ ಕೆಡಿಸಿ ಕೊಡುವುದನ್ನು 2000ದ ಮೇ ತಿಂಗಳಲ್ಲಿ ನಿಲ್ಲಿಸಿತು. ಮೇ 3ರಂದೇ ಡೇವ್ ಉಲ್ಮರ್ ಎಂಬಾತ ಆರೆಗನ್‌ನಲ್ಲಿ ಒಂದು ಬಕೆಟ್ ಅಡಗಿಸಿ, ಅದರ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸಿದ. ಹುಡುಕಿದವರು ಒಳಗಿನ ಪುಸ್ತಕದಲ್ಲಿ ಹೆಸರು ಬರೆಯಬೇಕು. 2008ರಲ್ಲಿ ಅಂತರಿಕ್ಷ ನಿಲ್ದಾಣಕ್ಕೂ ಈ ಆಟ ಹೋಯಿತಂತೆ. ಭೂಗೋಳದ ಪಾಠಕ್ಕೆ ಆಕಳಿಸುವ ಮಕ್ಕಳನ್ನು ದಿನಾ ಕಾಣುವ ನನಗೆ ಇದು ಹಿಡಿಸದೆ ಹೇಗಿದ್ದೀತು? ನನ್ನ ಜಗಳ ಆಟದೊಂದಿಗಲ್ಲ, ದುರ್ಗಮ ಜಾಗವೇ ಬೇಕೆಂಬ ಹಟದೊಂದಿಗೆ.

ದುರ್ಗಮವಾಗಿರುವುದೇ ಆ ಜಾಗಕ್ಕಿರುವ ಬೇಲಿ. ಅದರ ಅಕ್ಷಾಂಶ ಸಾರಿದರೆ ಬೇಲಿ ಕಿತ್ತಂತೆ. ಡಬ್ಬಿ ಒಂದೇ ಇರಬಹುದು, ಅದನ್ನು ಹುಡುಕುವ ಕಾಲುಗಳೆಷ್ಟು? ಹುಲ್ಲು ಸವೆದಲ್ಲಿ ಮಳೆಗಾಲದ ನೀರು ಕೊರಕಲು ತೋಡುತ್ತದೆ. ಕುಮಾರಪರ್ವತವಿರುವುದು ಪುಷ್ಪಗಿರಿ ವನ್ಯಧಾಮದಲ್ಲಿ. 2024ರ ಜನವರಿಯಲ್ಲಿ ಅಲ್ಲಿ ಜಾತ್ರೆಯಂತೆ ಜನ ನೆರೆದ ಮೇಲೆ, ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನೇ ಸರ್ಕಾರ ಕೆಲಕಾಲ ನಿಲ್ಲಿಸಬೇಕಾಯಿತು.

"ಕಾಡು ನೋಡದೆ ಕಾಡಿನ ಮೇಲೆ ಪ್ರೀತಿ ಹೇಗೆ ಹುಟ್ಟುತ್ತೆ? ನೀವು ಮಕ್ಕಳನ್ನ ಕರ್ಕೊಂಡು ಹೋಗಿಲ್ವಾ?" ಎಂದ.

ಕರೆದುಕೊಂಡು ಹೋಗಿದ್ದೆ. ಮುಳ್ಳಯ್ಯನಗಿರಿಯ ಮೇಲೆ ನಾನೇ ಹಂಚಿದ ಪೆಪ್ಪರ್‌ಮೆಂಟಿನ ಕಾಗದಗಳು ಗಾಳಿಗೆ ಹಾರಿ ಕಣಿವೆಗಿಳಿದವು. ಹೆಕ್ಕಿಸಲು ಹೋದರೆ ಮಕ್ಕಳೇ ಜಾರಿಬೀಳುವ ಇಳಿಜಾರು. ಸುಮ್ಮನೆ ನೋಡುತ್ತ ನಿಂತೆ. ಪ್ರೀತಿ ಹುಟ್ಟಿಸಲು ಹೋದವಳು ಕಸ ಬಿಟ್ಟು ಬಂದೆ. ಆ ಕಾಗದಗಳು ಇಂದಿಗೂ ನನ್ನನ್ನು ಚುಚ್ಚುತ್ತವೆ.

ಹುಡುಕುವ ಚಪಲವಿದ್ದರೆ ಬೇಗೂರಿಗೆ ಹೋಗಲಿ. ಬೆಂಗಳೂರೆಂಬ ಹೆಸರನ್ನು ಹೊತ್ತ, ಸಾವಿರ ವರ್ಷಕ್ಕೂ ಹಳೆಯ ಶಾಸನ ಅಲ್ಲಿನ ದೇವಸ್ಥಾನದಲ್ಲಿದೆ. ಸಿಟಿ ಬಸ್ಸು ಹೋಗುವ ಜಾಗವೆಂದೋ ಏನೋ, ನಮ್ಮ ಸಾಹಸಿಗಳಿಗೆ ಅದು ಕಾಣುವುದಿಲ್ಲ.

ಜಾಗದ ಒಡೆಯರ ಒಪ್ಪಿಗೆ ಪಡೆಯಬೇಕೆಂದು ಅವರ ಆಟದ ನಿಯಮವೇ ಹೇಳುತ್ತದೆ. ಅದನ್ನು ನೆನಪಿಸಿದೆ. "ಅರಣ್ಯ ಇಲಾಖೆಯವರನ್ನ ಕೇಳ್ತೀನಿ ಬಿಡಿ" ಎಂದ.

"ಕೇಳು. ಅವರು ಬೇಡ ಅಂದ ದಿನ ನನ್ನ ಡಬ್ಬಿ ವಾಪಸ್ ತಂದುಕೊಡು."