ಎಣ್ಣೆಯನ್ನು ಅಟ್ಟಲು ಹೊರಟ ನೀರು

ಕಾಫಿ ಫಿಲ್ಟರಿನಲ್ಲಿ ಪುಡಿಯನ್ನು ಸಮನಾಗಿ ಒತ್ತದೆ ಕುದಿನೀರು ಸುರಿದರೆ ಏನಾಗುವುದೆಂದು ಗೃಹಿಣಿಯರಿಗೆ ನಾನು ಹೇಳಬೇಕಾದುದಿಲ್ಲ. ಸಡಿಲವಾದೆಡೆ ನೀರು ಸರ್ರನೆ ಇಳಿದುಬಿಡುತ್ತದೆ. ಮತ್ತೊಂದು ಮಗ್ಗುಲ ಪುಡಿ ಸಾರವನ್ನು ಬಿಡದೆ ಹಾಗೆಯೇ ಉಳಿಯುತ್ತದೆ. ಮೊನ್ನೆ ಈ ಅಪರಾಧ ನನ್ನಿಂದಲೇ ಆಯಿತು. ಅದಕ್ಕೆ ದೊರೆತ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಇದೇ ತಪ್ಪು ಭೂಮಿಯ ಆಳದಲ್ಲಿ ನಡೆದರೆ ಅಪಾರವಾದ ಕಲ್ಲೆಣ್ಣೆ ಕೈತಪ್ಪಿ ಹೋಗುತ್ತದೆ.

ಕಲ್ಲೆಣ್ಣೆಯೆಂದರೆ ನೆಲದಡಿಯ ಸರೋವರವೆಂದು ಅನೇಕರ ಭಾವನೆ. ಎಷ್ಟೋ ಕಡೆ ಅದು ಮರಳುಗಲ್ಲಿನ ಕಣಗಳ ನಡುವಣ ಸೂಕ್ಷ್ಮ ರಂಧ್ರಗಳಲ್ಲಿ ಅಡಗಿರುತ್ತದೆ. ಒಳಗಿನ ಒತ್ತಡ ಕುಗ್ಗಿದ ಮೇಲೆ, ಒಂದು ಬಾವಿಯಲ್ಲಿ ನೀರನ್ನು ತುಂಬಿ ಎಣ್ಣೆಯನ್ನು ನೆರೆಯ ಬಾವಿಯತ್ತ ಅಟ್ಟಬೇಕು.

ಅಮೆರಿಕದ ಪೆನ್ಸಿಲ್ವೇನಿಯಾದ ಬ್ರಾಡ್‌ಫರ್ಡ್ ಕ್ಷೇತ್ರದಲ್ಲಿ ಈ ಉಪಾಯ ಆಕಸ್ಮಿಕವಾಗಿ ಕಂಡುಬಂದಿತು. ಹಳೆಯ ಬಾವಿಗಳೊಳಕ್ಕೆ ಮೇಲಿನ ಪದರಗಳ ನೀರು ನುಗ್ಗಿದಾಗ ಸುತ್ತಲಿನ ಬಾವಿಗಳಲ್ಲಿ ಎಣ್ಣೆ ಹೆಚ್ಚಿತು. ಹೀಗಾಗಬಹುದೆಂದು ಭೂವಿಜ್ಞಾನಿ ಜಾನ್ ಕಾರ್ಲ್ 1880ರಲ್ಲಿಯೇ ಸೂಚಿಸಿದ್ದನು. ಕಾನೂನು ಅಡ್ಡವಿದ್ದುದರಿಂದ ಕೆಲವರು ಕದ್ದುಮುಚ್ಚಿ ನೀರು ಬಿಟ್ಟರು; 1921ರಲ್ಲಿ ಕಾನೂನೇ ಬಾಗಿತು. 1881ರಲ್ಲಿ ಶಿಖರ ಮುಟ್ಟಿ ಇಳಿದಿದ್ದ ಉತ್ಪಾದನೆಗೆ 1937ರಲ್ಲಿ ಮತ್ತೊಂದು ಶಿಖರ ದೊರೆಯಿತು.

ಇಷ್ಟಾದರೂ ನೀರು ಹೇಳಿದ ಮಾತು ಕೇಳುವ ಆಳಲ್ಲ. ಪುರಾತನ ಹೊಳೆಗಳು ಒಮ್ಮೆ ದಪ್ಪ ಮರಳನ್ನು, ಒಮ್ಮೆ ನಯವಾದ ಮರಳನ್ನು, ನಡುನಡುವೆ ಜೇಡಿಮಣ್ಣನ್ನು ಹಾಸಿ ಹೋಗಿವೆ. ಅವೇ ಇಂದು ಕಲ್ಲಿನ ಪದರಗಳು. ಮರಳಿನೊಳಗೆ ನೀರು ಹರಿಯುವ ನಿಯಮವನ್ನು ಫ್ರಾನ್ಸಿನ ಹೆನ್ರಿ ಡಾರ್ಸಿ 1856ರಲ್ಲಿ ಪ್ರಕಟಿಸಿದನು. ಆ ನಿಯಮದಂತೆ, ಒಂದು ಪದರ ಇನ್ನೊಂದಕ್ಕಿಂತ ಹತ್ತರಷ್ಟು ಸಲೀಸಾಗಿ ಹರಿಯಗೊಟ್ಟರೆ, ಮೊದಲನೆಯದರಲ್ಲಿ ನೀರು ಆಚೆಯ ಬಾವಿಯನ್ನು ಮುಟ್ಟುವಾಗ ಎರಡನೆಯದರಲ್ಲಿ ದಾರಿಯ ಹತ್ತನೆಯ ಒಂದು ಪಾಲನ್ನಷ್ಟೇ ಸವೆಸಿರುತ್ತದೆ. ಎಣ್ಣೆ ಮಂದವಾಗಿದ್ದರಂತೂ ಕೇಳುವುದೇ ಬೇಡ. ಎಣ್ಣೆ ಸರಿದ ಹಾದಿಯಲ್ಲಿ ನೀರಿಗೆ ತಡೆ ಕಡಮೆ, ಮುಂದಿದ್ದುದು ಇನ್ನೂ ಮುಂದಾಗುತ್ತದೆ. ಬಾವಿಯಲ್ಲಿ ನೀರೇ ಹೆಚ್ಚಾಗಿ, ಖರ್ಚು ಹುಟ್ಟದೆ, ಅದನ್ನು ಮುಚ್ಚಬೇಕಾಗುತ್ತದೆ.

ಪದರಗಳ ನಡುವೆ ಜೇಡಿಯ ತಡೆಯಿಲ್ಲದಿದ್ದರೆ ಕಥೆ ಬೇರೆ. ನೀರು ಎಣ್ಣೆಗಿಂತ ಭಾರ. ದಪ್ಪ ಮರಳಿನ ಪದರ ಮೇಲಿದ್ದರೆ, ನೀರು ಕೆಳಗಿನ ಪದರಕ್ಕಿಳಿದು ಅಲ್ಲಿಯ ಎಣ್ಣೆಯನ್ನೂ ಸರಿಸುತ್ತದೆ. ಅದು ತಳದಲ್ಲಿದ್ದರೆ ನೀರು ತಳದಲ್ಲಿಯೇ ಓಡಿಬಿಡುತ್ತದೆ. ನೀರಿಗೊಲಿಯುವ ಕಲ್ಲಾದರೆ, ನಯವಾದ ಪದರ ದೀಪದ ಬತ್ತಿಯಂತೆ ನೀರನ್ನು ಹೀರಿ ಎಣ್ಣೆಯನ್ನು ಹೊರದೂಡುವುದೂ ಉಂಟು. ಇದಕ್ಕೆ ಸಾವಧಾನ ಬೇಕು. ಎಣ್ಣೆಯ ವ್ಯಾಪಾರದಲ್ಲಿ ಅದು ಎಲ್ಲಿಂದ ಬರಬೇಕು?

ನೀರು ಓಡುವ ಪದರವನ್ನು ಬಾವಿಯ ಬಳಿ ಸಿಮೆಂಟಿನಿಂದಲೋ ಅಂಟಿನಂಥ ದ್ರವದಿಂದಲೋ ಮುಚ್ಚುತ್ತಾರೆ. ಜೇಡಿಯ ತಡೆ ಇದ್ದರೆ ಇದು ಫಲಿಸುತ್ತದೆ. ಇಲ್ಲದಿದ್ದರೆ, ನೀರು ಪಕ್ಕದ ಪದರದಲ್ಲಿ ನಾಲ್ಕು ಹೆಜ್ಜೆ ಬಳಸಿ ಮತ್ತೆ ತನ್ನ ಹಳೆಯ ಹಾದಿಯನ್ನೇ ಹಿಡಿಯುತ್ತದೆ! ಒಂದೆಡೆ ಇಲ್ಲದಿರಲೆಂದು ಬಯಸಿದ ಜೇಡಿಯೇ ಇನ್ನೊಂದೆಡೆ ಬೇಕಾಗುತ್ತದೆ.

ಅದು ಇದೆಯೋ ಇಲ್ಲವೋ ತಿಳಿಯುವುದು ಹೇಗೆ? ಕೊರೆದು ತೆಗೆದ ಕಲ್ಲು ಅಂಗೈಯಗಲ. ಬಾವಿಯಿಂದ ಬಾವಿಗೆ ನೂರಾರು ಗಜ. ಆದುದರಿಂದ ಇಳಿಸುವ ನೀರಿಗೆ ಗುರುತು ಹಿಡಿಯಬಲ್ಲ ಒಂದು ವಸ್ತುವನ್ನು ಬೆರೆಸಿ, ಅದು ಯಾವ ಬಾವಿಯಲ್ಲಿ ಎಷ್ಟು ದಿನಕ್ಕೆ ಕಾಣಿಸೀತೆಂದು ಆಚೆಯ ದಡದಲ್ಲಿ ಕಾಯುತ್ತ ಕುಳಿತಿರುತ್ತಾರೆ.