ಆರೈಕೆಯ ಯಜಮಾನಿಕೆ ಯಾರದು?

ಹಾಸಿಗೆ ಹಿಡಿದವರ ಮನೆಗೆ ಹೋದಾಗ ನಾವು ಸಾಮಾನ್ಯವಾಗಿ ಮನೆಯವರನ್ನೇ ಕೇಳುತ್ತೇವೆ: ‘ಅಜ್ಜಿ ಊಟ ಮಾಡಿದರೇ?’ ಅಜ್ಜಿ ಎದುರಿಗೇ ಇರುತ್ತಾರೆ. ಅವರಿಗೂ ಬಾಯಿ ಇದೆ. ಪ್ರೀತಿಯಿಂದಲೇ ನಾವು ಎಸಗುವ ಅನ್ಯಾಯವಿದು.

ಅಮೆರಿಕದ ಎಡ್ ರಾಬರ್ಟ್ಸ್ 1953ರಲ್ಲಿ, ತಮ್ಮ 14ನೆಯ ವಯಸ್ಸಿನಲ್ಲಿ, ಪೋಲಿಯೋದಿಂದ ಕತ್ತಿನ ಕೆಳಗೆ ಬಹುತೇಕ ನಿಶ್ಚಲರಾದರು. ಉಸಿರಾಟಕ್ಕೂ ಯಂತ್ರದ ಆಸರೆ ಬೇಕಾಯಿತು. ಆದರೂ ಸಹಾಯಕರನ್ನು ತಾವೇ ಆರಿಸಿಕೊಂಡು ವಿಶ್ವವಿದ್ಯಾಲಯದಲ್ಲಿ ಓದಿದರು. ಬರ್ಕ್ಲಿಯಲ್ಲಿ 1972ರಲ್ಲಿ ಹುಟ್ಟಿದ ಸ್ವತಂತ್ರ ಜೀವನ ಕೇಂದ್ರವನ್ನು ಮುನ್ನಡೆಸಿದರು. ಕ್ಯಾಲಿಫೋರ್ನಿಯಾದ ಮನೆ ಆರೈಕೆ ಯೋಜನೆಯಲ್ಲಿ ಸಂಬಳದ ಹಣ ಸರ್ಕಾರದ್ದು. ಸಹಾಯಕರನ್ನು ನೇಮಿಸುವ, ಬಿಡಿಸುವ ಅಧಿಕಾರ ಆರೈಕೆ ಪಡೆಯುವವರದು.

ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 5ನೆಯ ಕಲಮೂ ಮನೆಯಲ್ಲಿಯೇ ನೆರವು, ವೈಯಕ್ತಿಕ ಸಹಾಯ ದೊರೆಯಬೇಕೆನ್ನುತ್ತದೆ. ಆ ಮಾತು ಹೊಸ್ತಿಲು ದಾಟಿ ಒಳಗೆ ಬರಬೇಕಾದರೆ ಕುಟುಂಬದ ಮನಸ್ಸು ಬದಲಾಗಬೇಕು.

ಸ್ವಾತಂತ್ರ್ಯವೆಂದರೆ ಎಲ್ಲವನ್ನೂ ತಾನೇ ಮಾಡಿಕೊಳ್ಳುವುದಲ್ಲ. ಏನಾಗಬೇಕೆಂಬುದನ್ನು ತಾನೇ ನಿರ್ಧರಿಸುವುದು. ಹಾಗೆಂದು ಹೊಣೆಯನ್ನೆಲ್ಲ ಅವರ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದೂ ಸಲ್ಲದು. ಹೋಮ್ ನರ್ಸನ್ನು ಗೊತ್ತುಮಾಡುವ ಮುನ್ನ ಅವರ ಒಪ್ಪಿಗೆ ಕೇಳೋಣ. ಸ್ನಾನ, ಊಟ, ನಿದ್ರೆಯ ವೇಳೆಯನ್ನು ಅವರೇ ಹೇಳಲಿ. ಲೆಕ್ಕ ಬರೆಯಲು ನಾವು ನೆರವಾಗೋಣ. ಸಹಾಯಕಿ ಬಾರದ ದಿನ ವಾಳೆಯ ನೆರೆಹೊರೆಯವರು ಸರದಿಯಂತೆ ನಿಲ್ಲಲಿ. ದುಡಿಯುವವಳಿಗೂ ನ್ಯಾಯವಾದ ಸಂಬಳ, ವಾರದ ರಜೆ ತಪ್ಪದಿರಲಿ. ದಣಿದ ಕೈಯಿಂದ ಒಳ್ಳೆಯ ಆರೈಕೆ ಸಾಧ್ಯವಿಲ್ಲ.

ಮುಂದಿನ ಸಲ ಪ್ರಶ್ನೆಯನ್ನು ಅಜ್ಜಿಗೇ ಕೇಳೋಣ. ಉತ್ತರ ಬರುವ ತನಕ ತಾಳ್ಮೆಯಿಂದ ಕಾಯೋಣ.